ರೇಡಿಯಾಲಜಿ ಪಿಜಿಗಳಿಗೆ ನೆಫ್ರೋಸ್ಟಮಿ ತರಬೇತಿ: ಎಲ್ಲಿಂದ ಆರಂಭ, ಎಲ್ಲಿಯವರೆಗೆ?

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕ, ರೇಡಿಯೋಡಯಾಗ್ನೋಸಿಸ್, ಉಡುಪಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ನಮ್ಮ ವಿಭಾಗದಲ್ಲಿ ಪಿಜಿಗಳ (ಸ್ನಾತಕೋತ್ತರ ವಿದ್ಯಾರ್ಥಿಗಳ) ಇಂಟರ್ವೆನ್ಷನ್ (ಸ್ಕ್ಯಾನ್ ಚಿತ್ರ ನೋಡುತ್ತ ಸೂಜಿ, ಟ್ಯೂಬ್‌ಗಳಿಂದ ಮಾಡುವ ಚಿಕಿತ್ಸೆ) ತರಬೇತಿಗೆ ಒಂದು ಕ್ರಮವನ್ನು ರೂಪಿಸುವ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಥೈರಾಯ್ಡ್ ಎಫ್‌ಎನ್‌ಎಸಿ (ಸೂಜಿಯಿಂದ ಕೋಶಗಳನ್ನು ತೆಗೆದು ಪರೀಕ್ಷಿಸುವುದು), ಲಿವರ್ ಬಯಾಪ್ಸಿ, ಹೊಟ್ಟೆಯೊಳಗಿನ ಕೀವು ತೆಗೆಯುವುದು ಮುಂತಾದವುಗಳಲ್ಲಿ ಯಾರು ಯಾವ ಹಂತದಲ್ಲಿ ಏನು ಮಾಡಬಹುದು ಎಂಬುದು ಬಹುಮಟ್ಟಿಗೆ ಇತ್ಯರ್ಥವಾಗಿದೆ. ಮೂತ್ರಪಿಂಡ ಮತ್ತು ಮೂತ್ರನಾಳದ ವಿಷಯದಲ್ಲಿ ಮಾತ್ರ ಎಲ್ಲವೂ ಆ ದಿನದ ಡ್ಯೂಟಿ ಪಟ್ಟಿಯನ್ನು ಅವಲಂಬಿಸಿದೆ. ಕೇಸ್ ಬಂದ ರಾತ್ರಿ ಸೂಜಿ ಹಿಡಿಯಬಲ್ಲ ಕನ್ಸಲ್ಟಂಟ್ ಇದ್ದರೆ ನೆಫ್ರೋಸ್ಟಮಿ (ಬೆನ್ನಿನ ಚರ್ಮದ ಮೂಲಕ ಮೂತ್ರಪಿಂಡಕ್ಕೆ ಟ್ಯೂಬ್ ಹಾಕಿ, ತಡೆದು ನಿಂತ ಮೂತ್ರವನ್ನು ಹೊರಹರಿಸುವುದು) ಆಗುತ್ತದೆ. ಇಲ್ಲದಿದ್ದರೆ ರೋಗಿಯನ್ನು ಮಂಗಳೂರಿಗೋ ಮಣಿಪಾಲಕ್ಕೋ ಕಳುಹಿಸುತ್ತೇವೆ.

ನಮ್ಮಲ್ಲಿಗೆ ಬರುವವರಲ್ಲಿ ಎರಡು ಬಗೆಯವರು ಹೆಚ್ಚು. ಗರ್ಭಕಂಠದ ಕ್ಯಾನ್ಸರ್‌ನಿಂದ ಎರಡೂ ಮೂತ್ರನಾಳಗಳು ಒತ್ತಿಹೋಗಿ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಹೆಚ್ಚುವ ತ್ಯಾಜ್ಯ) ಏರಿ, ಕೀಮೋಥೆರಪಿ ಆರಂಭಿಸಲಾಗದೆ ಕುಳಿತಿರುವ ಮಹಿಳೆಯರು ಒಂದು ಬಗೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿ, ಅದರ ಮೇಲೆ ಸೋಂಕು ಸೇರಿ, ಚಳಿಜ್ವರದೊಂದಿಗೆ ಬರುವ ಮಧುಮೇಹಿಗಳು ಇನ್ನೊಂದು ಬಗೆ. ಎರಡನೆಯವರಲ್ಲಿ ಕೆಲವೇ ಗಂಟೆಗಳ ವಿಳಂಬವೂ ಜೀವಕ್ಕೆ ಎರವಾಗಬಲ್ಲದು ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಎಂಡಿ ಕೋರ್ಸ್ ಮೂರು ವರ್ಷದ್ದು. ಅದರಲ್ಲಿ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಗೆ ಹೋಗುತ್ತದೆ. ಉಳಿದ ಕಾಲವನ್ನು ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ, ಮ್ಯಾಮೊಗ್ರಫಿ, ಪ್ರಬಂಧ ಇವೆಲ್ಲ ಹಂಚಿಕೊಳ್ಳುತ್ತವೆ. ಹೀಗಿರುವಾಗ ಇಂಟರ್ವೆನ್ಷನಲ್ ರೇಡಿಯಾಲಜಿಯಲ್ಲಿ ಮುಂದೆ ಡಿಎಂ (ಎಂಡಿ ನಂತರದ ಉನ್ನತ ಪದವಿ) ಮಾಡುವ ಉದ್ದೇಶವೇ ಇಲ್ಲದ ಸಾಮಾನ್ಯ ಪಿಜಿಗೆ ಮೂತ್ರಪಿಂಡ, ಮೂತ್ರನಾಳದ ಈ ಚಿಕಿತ್ಸೆಗಳಲ್ಲಿ ಯಾವುದನ್ನು ಕಡ್ಡಾಯವಾಗಿ ಕಲಿಸಬೇಕು, ಯಾವುದನ್ನು ತೋರಿಸಿದರೆ ಸಾಕು? ರೋಗಿಯ ಮೈಮುಟ್ಟುವ ಮೊದಲು ಅಭ್ಯಾಸಕ್ಕೆ ಏನು ವ್ಯವಸ್ಥೆ ಮಾಡಬಹುದು? ಹೊರಗಿನಿಂದ ತರಿಸುವ ಸಿಮ್ಯುಲೇಟರ್‌ಗಳಿಗೆ ನಮ್ಮಲ್ಲಿ ಹಣವಿಲ್ಲ. ಯುರಾಲಜಿಯ ಸಹೋದ್ಯೋಗಿಯೊಬ್ಬರು, ಇದನ್ನು ನಾವೇ ಮಾಡುತ್ತಿರುವಾಗ ನಿಮ್ಮ ಪಿಜಿಗಳಿಗೆ ಏಕೆ ಎಂದು ನೇರವಾಗಿಯೇ ಕೇಳಿದ್ದಾರೆ. ಅವರಿಗೆ ಕೊಡಬಹುದಾದ ಸಮರ್ಪಕ ಉತ್ತರವೂ ನನಗೆ ಬೇಕಾಗಿದೆ.

ಉತ್ತರ 1: ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಮಂಗಳೂರು

ಡಾಕ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಚರ್ಮದ ಮೂಲಕ ಸೂಜಿ ಹಾಕಿ ಹಿಗ್ಗಿದ ಮೂತ್ರಪಿಂಡವನ್ನು ಬರಿದು ಮಾಡುವ ವಿಧಾನವನ್ನು 1955ರಲ್ಲಿ ಪ್ರಕಟಿಸಿದ ವಿಲ್ಲರ್ಡ್ ಗುಡ್ವಿನ್ ಯುರಾಲಜಿಸ್ಟ್. ಆ ಸೂಜಿಯ ದಾರಿಯಲ್ಲಿ ನಾವು ಇಂದು ಹಾಕುವ ಗೈಡ್ ವೈರ್ (ದಾರಿ ತೋರುವ ತೆಳು ತಂತಿ) ಮತ್ತು ಕ್ಯಾಥೆಟರ್‌ಗಳ (ಟ್ಯೂಬ್‌ಗಳ) ಕ್ರಮವನ್ನು 1953ರಲ್ಲಿ ಕೊಟ್ಟ ಸೆಲ್ಡಿಂಗರ್ ರೇಡಿಯಾಲಜಿಸ್ಟ್. ಅದೇ ಮಾರ್ಗದಿಂದ ಕಲ್ಲನ್ನು ಹೊರತೆಗೆದು 1976ರಲ್ಲಿ ವರದಿ ಮಾಡಿದ ಫರ್ನ್‌ಸ್ಟ್ರಾಮ್ ಮತ್ತು ಜೋಹಾನ್ಸನ್ ಅವರಲ್ಲಿ ಮೊದಲನೆಯವರು ರೇಡಿಯಾಲಜಿಸ್ಟ್, ಎರಡನೆಯವರು ಯುರಾಲಜಿಸ್ಟ್. ಆರಂಭದಿಂದಲೂ ಎರಡು ವಿಭಾಗಗಳು ಕೂಡಿ ಬೆಳೆಸಿದ ಕೆಲಸವಿದು. ಇದು ಯಾರ ಸ್ವತ್ತು ಎಂದು ವಾದಿಸಿ ಪ್ರಯೋಜನವಿಲ್ಲ. ಆ ರಾತ್ರಿ ಆ ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ ಮಾಡಬಲ್ಲವರು ಒಬ್ಬರಾದರೂ ಇದ್ದಾರೆಯೇ ಎಂಬುದನ್ನಷ್ಟೇ ಕೇಳಬೇಕು. ನಮ್ಮ ಪಿಜಿಗಳಲ್ಲಿ ಹೆಚ್ಚಿನವರು ನಾಳೆ ಕೆಲಸ ಮಾಡುವುದು ಯುರಾಲಜಿಸ್ಟ್ ವಾರಕ್ಕೊಮ್ಮೆ ಬಂದುಹೋಗುವ ಊರುಗಳಲ್ಲಿ.

ಯಾವುದನ್ನು ಕಲಿಸಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹಿಗ್ಗಿದ ಮೂತ್ರಪಿಂಡಕ್ಕೆ ಅಲ್ಟ್ರಾಸೌಂಡ್ ನೆರವಿನಿಂದ ನೆಫ್ರೋಸ್ಟಮಿ ಮಾಡುವುದು, ಹಳೆಯ ನೆಫ್ರೋಸ್ಟಮಿ ಟ್ಯೂಬನ್ನು ಬದಲಾಯಿಸುವುದು, ಟ್ಯೂಬಿನ ಮೂಲಕ ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ನೆಫ್ರೋಸ್ಟೊಗ್ರಾಮ್ ತೆಗೆಯುವುದು, ಮೂತ್ರಪಿಂಡದ ಸುತ್ತಲಿನ ಕೀವನ್ನು ಹೊರಹಾಕುವುದು, ಮೂತ್ರಪಿಂಡದ ಬಯಾಪ್ಸಿ ಮಾಡುವುದು ಇವು ಪ್ರತಿಯೊಬ್ಬ ಪಿಜಿಗೂ ಕೈಗೆ ಬರಬೇಕಾದವು. ಮೇಲಿನಿಂದ ಕೆಳಕ್ಕೆ ಡಿಜೆ ಸ್ಟೆಂಟ್ (ಮೂತ್ರನಾಳದೊಳಗೆ ಇರಿಸುವ ಕೊಳವೆ) ಇಳಿಸುವುದನ್ನು ಸಹಾಯಕನಾಗಿ ನಿಂತು ಕಲಿತರೆ ಸಾಕು. ಬಯಾಪ್ಸಿಯ ನಂತರದ ರಕ್ತಸ್ರಾವಕ್ಕೆ ಎಂಬೊಲೈಸೇಷನ್ (ರಕ್ತ ಸೋರುವ ನಾಳವನ್ನು ಒಳಗಿನಿಂದ ಮುಚ್ಚುವುದು), ಗಡ್ಡೆಗಳ ಅಬ್ಲೇಷನ್ (ಸೂಜಿಯ ಮೂಲಕ ನಾಶಮಾಡುವುದು), ಹಿಗ್ಗದೇ ಇರುವ ಮೂತ್ರಪಿಂಡಕ್ಕೆ ನೆಫ್ರೋಸ್ಟಮಿ ಇವುಗಳನ್ನು ಡಿಎಂ ವಿದ್ಯಾರ್ಥಿಗೆ ಬಿಡೋಣ. ಆದರೆ ಎಂಬೊಲೈಸೇಷನ್‌ಗೆ ಯಾವ ರೋಗಿಯನ್ನು ಯಾವಾಗ ಕಳುಹಿಸಬೇಕು ಎಂಬುದು ಸಾಮಾನ್ಯ ಪಿಜಿಗೂ ಗೊತ್ತಿರಲೇಬೇಕು. ಟ್ಯೂಬ್ ಹಾಕಿದ ಮೇಲೆ ಒಂದೆರಡು ದಿನ ಮೂತ್ರ ನಸುಗೆಂಪಾಗಿರುವುದು ಸಹಜ. ದಿನ ಕಳೆದಂತೆ ತಿಳಿಯಾಗಬೇಕಾದದ್ದು ಮತ್ತೆ ಗಾಢ ಕೆಂಪಾದರೆ, ಅಥವಾ ವಾರದ ಬಳಿಕ ಟ್ಯೂಬ್ ಬದಲಾಯಿಸುವಾಗ ರಕ್ತ ಚಿಮ್ಮಿದರೆ, ಸ್ಯೂಡೋಅನ್ಯೂರಿಸಂ (ಪೆಟ್ಟಾದ ರಕ್ತನಾಳದ ಪಕ್ಕದಲ್ಲಿ ಉಬ್ಬುವ ರಕ್ತದ ಚೀಲ) ಆಗಿದೆಯೆಂದೇ ತಿಳಿದು ಮುಂದುವರಿಯಬೇಕು.

ಈಗ ತರಬೇತಿಯ ವಿಷಯ. ನಾವು ಸಾಮಾನ್ಯವಾಗಿ ಕೈಚಳಕದಿಂದ ಪಾಠ ಆರಂಭಿಸುತ್ತೇವೆ. ಮೊದಲು ಬರಬೇಕಾದದ್ದು ನಿರ್ಧಾರದ ಪಾಠ. ಒಂದು ಉದಾಹರಣೆ ಕೊಡುತ್ತೇನೆ. ಜುಲೈ ತಿಂಗಳ ರಾತ್ರಿ, ಗದ್ದೆ ಕೆಲಸದ ಹಿನ್ನೆಲೆಯ ರೋಗಿ, ಜ್ವರ, ಪ್ಲೇಟ್‌ಲೆಟ್ ಕಡಿಮೆ, ಕ್ರಿಯಾಟಿನಿನ್ ಹೆಚ್ಚು. ನಮ್ಮ ಕರಾವಳಿಯಲ್ಲಿ ಇದು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಇರಬಹುದು. ಕಲ್ಲಿನ ಮೇಲೆ ಸೇರಿದ ಸೋಂಕು ರಕ್ತಕ್ಕೆ ಹಬ್ಬಿರುವುದೂ ಇರಬಹುದು. ರಕ್ತದ ವರದಿಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಅಲ್ಟ್ರಾಸೌಂಡ್ ಪ್ರೋಬ್ ಇಟ್ಟಾಗ. ಮೊದಲನೆಯವನಿಗೆ ಸೂಜಿ ಹಾಕುವಂತಿಲ್ಲ, ಎರಡನೆಯವನಿಗೆ ಹಾಕದೆ ಬಿಡುವಂತಿಲ್ಲ. ಅಷ್ಟೇ ಅಲ್ಲ, ನೀರು ಕಳೆದುಕೊಂಡು ಸೊರಗಿದ ರೋಗಿಯಲ್ಲಿ ಅಡೆತಡೆ ಇದ್ದರೂ ಮೂತ್ರಪಿಂಡ ಅಷ್ಟಾಗಿ ಹಿಗ್ಗಿರುವುದಿಲ್ಲ. ಪ್ಯಾರಾಪೆಲ್ವಿಕ್ ಸಿಸ್ಟ್‌ಗಳು (ಮೂತ್ರಪಿಂಡದ ನಡುಭಾಗದ ನೀರುಗುಳ್ಳೆಗಳು) ಹಿಗ್ಗಿದ ಮೂತ್ರಪಿಂಡದಂತೆಯೇ ಕಂಡು ಮೋಸ ಮಾಡುತ್ತವೆ. ಸೂಜಿ ಹಿಡಿಯುವುದಕ್ಕೆ ಬಹಳ ಮೊದಲೇ ಇಂಥ ಇಪ್ಪತ್ತು ಮೂವತ್ತು ಚಿತ್ರಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದಕ್ಕೂ ಹಾಕುತ್ತೇನೆ, ಹಾಕುವುದಿಲ್ಲ ಎಂದು ಪಿಜಿ ಕಾರಣಸಹಿತ ಹೇಳುವಂತಾಗಬೇಕು.

ನಿರ್ಧಾರದ ಇನ್ನೊಂದು ಭಾಗ ರೋಗಿ ಟೇಬಲ್ ಮೇಲೆ ಮಲಗಲು ತಯಾರಿದ್ದಾನೆಯೇ ಎಂಬುದು. ಪೊಟ್ಯಾಸಿಯಂ ಏರಿ ಇಸಿಜಿ ಬದಲಾಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು, ಅಗತ್ಯವಿದ್ದರೆ ಡಯಾಲಿಸಿಸ್ ಆಗಬೇಕು; ಮಕಾಡೆ ಮಲಗಿಸಿದ ರೋಗಿಯಲ್ಲಿ ಹೃದಯ ನಿಂತರೆ ಎದೆ ಒತ್ತುವುದೂ ಕಷ್ಟವಾಗುತ್ತದೆ. ನೆಫ್ರೋಸ್ಟಮಿಯನ್ನು ರಕ್ತಸ್ರಾವದ ಅಪಾಯ ಹೆಚ್ಚಿರುವ ಚಿಕಿತ್ಸೆಗಳ ಗುಂಪಿಗೆ ಸೇರಿಸಲಾಗಿದೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ) 1.5ರಿಂದ 1.8ರ ಮಿತಿಯನ್ನು ಮೀರಬಾರದು, ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ ಇರಬೇಕೆಂಬುದು ಅಮೆರಿಕದ ಸೊಸೈಟಿ ಆಫ್ ಇಂಟರ್ವೆನ್ಷನಲ್ ರೇಡಿಯಾಲಜಿ 2019ರಲ್ಲಿ ಕೊಟ್ಟ ಸೂಚನೆ. ಟ್ಯೂಬ್ ಬದಲಾಯಿಸುವುದು ಮಾತ್ರ ಕಡಿಮೆ ಅಪಾಯದ ಗುಂಪಿನಲ್ಲಿದೆ. ಹಾಗಾಗಿ ಹೊಸ ಪಿಜಿಯ ಕೈಗೆ ಮೊದಲು ಕೊಡಬೇಕಾದ ಕೆಲಸ ಅದೇ. ಗೈಡ್ ವೈರ್ ಹೇಗೆ ಹಿಡಿಯಬೇಕು, ಹೇಗೆ ಒರೆಸಬೇಕು, ಟ್ಯೂಬ್ ಎಳೆಯುವಾಗ ಅದನ್ನು ಹೇಗೆ ಅಲುಗಾಡದಂತೆ ಉಳಿಸಿಕೊಳ್ಳಬೇಕು ಎಂಬುದೆಲ್ಲ ಸೂಜಿಯ ಆತಂಕವಿಲ್ಲದೆ ಅಲ್ಲಿ ಅಭ್ಯಾಸವಾಗುತ್ತದೆ.

ಸೂಜಿಯ ದಾರಿಯ ಬಗ್ಗೆ ಬಾಯಿಪಾಠ ಮಾಡಿಸಬೇಕಾದದ್ದು ಹೆಚ್ಚೇನಿಲ್ಲ, ಆದರೆ ಅರ್ಥ ಮಾಡಿಸಬೇಕಾದದ್ದು ಬಹಳ ಇದೆ. ಮೂತ್ರಪಿಂಡದ ರಕ್ತನಾಳದ ಮುಂದಿನ ಮತ್ತು ಹಿಂದಿನ ಕವಲುಗಳ ನಡುವೆ, ಹಿಂಬದಿಯ ಹೊರ ಅಂಚಿನಲ್ಲಿ, ದೊಡ್ಡ ರಕ್ತನಾಳಗಳಿಲ್ಲದ ಒಂದು ಪಟ್ಟಿ ಇದೆ. ಬ್ರೋಡೆಲ್ ರೇಖೆ ಎಂದು ನಾವೆಲ್ಲ ಓದಿದ್ದು ಅದನ್ನೇ. ಹನ್ನೆರಡನೆಯ ಪಕ್ಕೆಲುಬಿನ ಕೆಳಗಿನಿಂದ, 20ರಿಂದ 30 ಡಿಗ್ರಿ ಓರೆಯಾಗಿ, ಕೆಳಭಾಗದ ಹಿಂಬದಿ ಕ್ಯಾಲಿಕ್ಸ್‌ನ (ಮೂತ್ರಪಿಂಡದೊಳಗೆ ಮೂತ್ರ ಸೇರುವ ಬಟ್ಟಲಿನಂಥ ಕವಲಿನ) ತುದಿಯನ್ನು ಗುರಿಯಾಗಿಸಿದರೆ ಸೂಜಿ ತಾನಾಗಿಯೇ ಆ ಪಟ್ಟಿಯೊಳಗೆ ಸಾಗುತ್ತದೆ. ತುಂಬಾ ಮೇಲೆ ಹೋದರೆ ಶ್ವಾಸಕೋಶದ ಹೊದಿಕೆ, ತುಂಬಾ ಪಕ್ಕಕ್ಕೆ ಹೋದರೆ ದೊಡ್ಡ ಕರುಳು. ಕಲಿಯುವವರಿಗೆ ನೇರವಾಗಿ ಪೆಲ್ವಿಸ್‌ಗೆ (ಮೂತ್ರಪಿಂಡದಲ್ಲಿ ಆ ಕವಲುಗಳೆಲ್ಲ ಕೂಡುವ ಜಾಗಕ್ಕೆ) ಚುಚ್ಚುವ ಆಸೆ ಸಹಜ, ಏಕೆಂದರೆ ತೆರೆಯ ಮೇಲೆ ಅತ್ಯಂತ ದೊಡ್ಡದಾಗಿ ಕಾಣುವುದು ಅದೇ. ಅಲ್ಲಿ ಚುಚ್ಚಿದರೆ ದೊಡ್ಡ ರಕ್ತನಾಳಗಳಿಗೆ ಪೆಟ್ಟಾಗುವ ಸಂಭವ ಹೆಚ್ಚು, ಸುತ್ತ ಮೂತ್ರಪಿಂಡದ ಅಂಗಾಂಶದ ಹಿಡಿತವಿಲ್ಲದ ಕಾರಣ ಮೂತ್ರ ಸೋರುತ್ತದೆ, ಟ್ಯೂಬೂ ನಿಲ್ಲುವುದಿಲ್ಲ.

ಕೀವು ತುಂಬಿದ ಮೂತ್ರಪಿಂಡದಲ್ಲಿ ಒಂದು ಮಾತನ್ನು ಗೋಡೆಯ ಮೇಲೆ ಬರೆದು ಹಾಕಬೇಕು: ಮೊದಲು ಒಳಗಿನದ್ದು ಹೊರಬರಲಿ, ಆಮೇಲೆ ಹೊರಗಿನದ್ದು ಒಳಹೋಗಲಿ. ಸೂಜಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲು ಕಾಂಟ್ರಾಸ್ಟ್ ಧಾರಾಳವಾಗಿ ತಳ್ಳಿದರೆ, ಒತ್ತಡ ಏರಿ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ. ಅರ್ಧ ಗಂಟೆಯಲ್ಲಿ ರೋಗಿ ನಡುಗಲಾರಂಭಿಸಿ ಬಿಪಿ ಕುಸಿಯುವುದನ್ನು ನೋಡಬೇಕಾಗುತ್ತದೆ. ಕಲ್ಚರ್‌ಗೆ ಸ್ವಲ್ಪ ತೆಗೆದುಕೊಂಡು, ಟ್ಯೂಬ್ ಇಟ್ಟು, ಹರಿಯಲು ಬಿಟ್ಟು ಬಂದರೆ ಆ ರಾತ್ರಿಯ ಕೆಲಸ ಮುಗಿಯಿತು. ಅಡೆತಡೆ ಎಲ್ಲಿದೆ ಎಂದು ನೋಡುವ ನೆಫ್ರೋಸ್ಟೊಗ್ರಾಮ್ ಎರಡು ದಿನ ಕಾಯಬಹುದು.

ಉತ್ತರ 2: ಯುರಾಲಜಿಸ್ಟ್, ಮಂಗಳೂರು

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ರೇಡಿಯಾಲಜಿ ಪಿಜಿಗಳು ನೆಫ್ರೋಸ್ಟಮಿ ಕಲಿಯುವುದಕ್ಕೆ ನನ್ನ ಆಕ್ಷೇಪವಿಲ್ಲ. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸದೆ ಯಾರಾದರೂ ಕೀವನ್ನು ಹೊರಹಾಕಿದರೆ ನಾನು ಕೃತಜ್ಞನೇ. ನನ್ನ ತಕರಾರು ಬೇರೆ ಕಡೆ ಇದೆ.

ಮೊದಲನೆಯದಾಗಿ, ಎಲ್ಲ ಅಡೆತಡೆಗೂ ನೆಫ್ರೋಸ್ಟಮಿಯೇ ಉತ್ತರ ಎಂಬ ಭಾವನೆ ಪಿಜಿಯ ಮನಸ್ಸಿನಲ್ಲಿ ಕೂರಬಾರದು. ಕಲ್ಲಿನೊಂದಿಗೆ ಸೋಂಕು ಸೇರಿದಾಗ ಕೆಳಗಿನಿಂದ ಡಿಜೆ ಸ್ಟೆಂಟ್ ಹಾಕುವುದು ಮತ್ತು ಮೇಲಿನಿಂದ ನೆಫ್ರೋಸ್ಟಮಿ ಮಾಡುವುದು ಇವುಗಳನ್ನು ಹೋಲಿಸಿದ 1998ರ ಅಧ್ಯಯನದಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂದು ಕಂಡುಬರಲಿಲ್ಲ. ಅರಿವಳಿಕೆಗೆ ರೋಗಿ ತಡೆಯುತ್ತಾನೆಯೇ, ರಕ್ತ ತೆಳುವಾಗಿಸುವ ಔಷಧಿಯಲ್ಲಿದ್ದಾನೆಯೇ, ಕ್ಯಾನ್ಸರ್‌ನಿಂದ ಮೂತ್ರಕೋಶದೊಳಗಿನ ರಂಧ್ರವೇ ಕಾಣದಂತಾಗಿದೆಯೇ ಎಂಬುದನ್ನು ನೋಡಿ ದಾರಿಯನ್ನು ಆರಿಸಬೇಕು. ರಕ್ತ ತೆಳುವಾಗಿಸುವ ಔಷಧಿಯನ್ನು ನಿಲ್ಲಿಸಲಾಗದ ರೋಗಿಗೆ ಸೂಜಿಗಿಂತ ಸ್ಟೆಂಟ್ ಸುರಕ್ಷಿತ. ಗರ್ಭಕಂಠದ ಕ್ಯಾನ್ಸರ್ ಮೂತ್ರಕೋಶವನ್ನು ಹೊಕ್ಕಿರುವಾಗ ಕೆಳಗಿನಿಂದ ಪ್ರಯತ್ನಿಸಿ ಸಮಯ ಕಳೆಯುವುದಕ್ಕಿಂತ ನೇರವಾಗಿ ನೆಫ್ರೋಸ್ಟಮಿ ಲೇಸು. ಈ ಮಾತುಕತೆಯಲ್ಲಿ ಪಿಜಿಯೂ ಭಾಗಿಯಾಗಬೇಕು. ಯುರಾಲಜಿಯವರು ಹೇಳಿದ್ದಾರೆ, ಅದಕ್ಕೇ ಹಾಕಿದೆ ಎಂದು ಕೇಸ್ ಶೀಟಿನಲ್ಲಿ ಬರೆಯುವ ಪಿಜಿಗೆ ತರಬೇತಿಯಾಗಿದೆ ಎಂದು ನಾನು ಒಪ್ಪುವುದಿಲ್ಲ.

ಎರಡನೆಯದು ನಮಗೆ ಪದೇ ಪದೇ ತೊಂದರೆ ಕೊಡುವ ವಿಷಯ. ಬರಿದು ಮಾಡಲು ಹಾಕುವ ಸೂಜಿಯ ದಾರಿ ಬೇರೆ, ಮುಂದೆ ಪಿಸಿಎನ್‌ಎಲ್ (ಚರ್ಮದ ಮೂಲಕ ದುರ್ಬೀನು ಹಾಕಿ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ಕಲ್ಲು ತೆಗೆಯಲು ಬೇಕಾದ ದಾರಿ ಬೇರೆ. ಕೆಳ ಕ್ಯಾಲಿಕ್ಸ್‌ನಿಂದ ಹಾಕಿದ ಟ್ಯೂಬ್ ಸೋಂಕನ್ನು ಹೊರಹಾಕುತ್ತದೆ, ಸರಿ. ಆದರೆ ಕಲ್ಲು ಪೆಲ್ವಿಸ್‌ನಿಂದ ಮೇಲಿನ ಕ್ಯಾಲಿಕ್ಸ್‌ಗೆ ಕೊಂಬು ಚಾಚಿದ್ದರೆ ಅದೇ ದಾರಿಯಿಂದ ನೆಫ್ರೋಸ್ಕೋಪ್ ತಿರುಗುವುದಿಲ್ಲ. ನಾನು ಮತ್ತೊಂದು ದಾರಿ ಮಾಡಬೇಕಾಗುತ್ತದೆ. ಜೀವ ಉಳಿಸುವ ತುರ್ತಿನಲ್ಲಿ ಇದನ್ನು ಯೋಚಿಸುತ್ತ ಕೂರಬೇಡಿ, ಸುಲಭವಾದದ್ದಕ್ಕೆ ಹಾಕಿ. ತುರ್ತಿಲ್ಲದ ಕೇಸಿನಲ್ಲಾದರೂ, ಮುಂದೇನು ಮಾಡುತ್ತೀರಿ ಎಂದು ಒಂದು ಫೋನ್ ಮಾಡಿ ಕೇಳಿದರೆ ರೋಗಿಗೆ ಒಂದು ಚುಚ್ಚು ತಪ್ಪುತ್ತದೆ.

ಆದ್ದರಿಂದ ನನ್ನ ಸಲಹೆ, ನಿಮ್ಮ ಪಿಜಿಗಳನ್ನು ಎರಡು ವಾರ ಯುರಾಲಜಿ ಓಟಿಗೆ ಕಳುಹಿಸಿ. ನಾವು ಸಿ-ಆರ್ಮ್ (ತಿರುಗಿಸಬಲ್ಲ ಎಕ್ಸ್-ರೇ ಯಂತ್ರ) ಕೆಳಗೆ ಸೂಜಿಯ ತುದಿ ಮತ್ತು ಬುಡ ಒಂದೇ ಚುಕ್ಕಿಯಾಗುವಂತೆ ಹಿಡಿದು ಚುಚ್ಚುತ್ತೇವೆ, ಆಳವನ್ನು ಸಿ-ಆರ್ಮ್ ಓರೆ ಮಾಡಿ ನೋಡುತ್ತೇವೆ. ನೀವು ಅಲ್ಟ್ರಾಸೌಂಡ್‌ನಲ್ಲಿ ಇಡೀ ಸೂಜಿಯನ್ನು ಉದ್ದಕ್ಕೂ ನೋಡುತ್ತ ಸಾಗುತ್ತೀರಿ. ಎರಡನ್ನೂ ಬಲ್ಲವರಿಗೆ ದಪ್ಪ ಮೈಯ ರೋಗಿಯಲ್ಲಿ ದಾರಿ ತಪ್ಪುವುದಿಲ್ಲ. ಬದಲಿಗೆ ನಮ್ಮ ಎಂಸಿಎಚ್ (ಶಸ್ತ್ರಚಿಕಿತ್ಸೆಯ ಉನ್ನತ ಪದವಿ) ವಿದ್ಯಾರ್ಥಿಗಳನ್ನು ನಿಮ್ಮ ಅಲ್ಟ್ರಾಸೌಂಡ್ ಕೋಣೆಗೆ ಕರೆದುಕೊಳ್ಳಿ. ಕಸಿ ಮಾಡಿದ ಮೂತ್ರಪಿಂಡವನ್ನು ಮಾತ್ರ ಪಿಜಿಯ ಕೈಗೆ ಖಂಡಿತ ಕೊಡಬೇಡಿ. ಅದು ಹೊಟ್ಟೆಯ ಮುಂಭಾಗದಲ್ಲಿ, ಕರುಳಿನ ಪಕ್ಕದಲ್ಲಿದೆ, ಮತ್ತು ರೋಗಿಗೆ ಇರುವುದು ಅದೊಂದೇ.

ಉತ್ತರ 3: ಹಳೆಯ ವಿದ್ಯಾರ್ಥಿ, ಈಗ ಕುಂದಾಪುರದಲ್ಲಿ ಕನ್ಸಲ್ಟಂಟ್

ಸರ್, ಅಭ್ಯಾಸದ ಮಾದರಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾವು ಪಿಜಿಗಳಾಗಿದ್ದಾಗ ಮಾಡಿಕೊಂಡ ವ್ಯವಸ್ಥೆಗೆ ತಗಲುವ ವೆಚ್ಚ ಒಂದು ಕ್ಯಾಥೆಟರ್ ಸೆಟ್ಟಿನ ಬೆಲೆಗಿಂತ ಕಡಿಮೆ.

ಮೊದಲು ಕುರಿಯ ಮೂತ್ರಪಿಂಡ ತಂದಿದ್ದೆವು, ಏಕೆಂದರೆ ಅದು ಎಲ್ಲ ಕಡೆ ಸಿಗುತ್ತದೆ, ಯಾರಿಗೂ ಸಂಕೋಚವಿಲ್ಲ. ಸೂಜಿಯನ್ನು ತೆರೆಯ ಮೇಲೆ ಕಾಣುವಂತೆ ಹಿಡಿಯುವ ಅಭ್ಯಾಸಕ್ಕೆ ಅದು ಸಾಕು. ಆದರೆ ಕುರಿ ಮತ್ತು ಆಡಿನ ಮೂತ್ರಪಿಂಡದಲ್ಲಿ ಮನುಷ್ಯರಲ್ಲಿರುವಂತೆ ಬೇರೆ ಬೇರೆ ಕ್ಯಾಲಿಕ್ಸ್‌ಗಳು ಇರುವುದಿಲ್ಲ, ಒಳಗೆ ಒಂದೇ ಏಣು ಇರುತ್ತದೆ. ಹಾಗಾಗಿ ಯಾವ ಕ್ಯಾಲಿಕ್ಸ್‌ಗೆ ಹೋಗಬೇಕು ಎಂಬುದನ್ನು ಅದರಲ್ಲಿ ಕಲಿಯಲು ಬರುವುದಿಲ್ಲ. ಹಂದಿಯ ಮೂತ್ರಪಿಂಡ ಮನುಷ್ಯರದ್ದಕ್ಕೆ ಬಹಳ ಹತ್ತಿರ. ಮಂಗಳೂರಿನಲ್ಲಿ ಹಂದಿ ಮಾಂಸದ ಅಂಗಡಿಗಳಿಗೇನೂ ಬರವಿಲ್ಲ. ಒಂದು ದಿನ ಮೊದಲೇ ಹೇಳಿಟ್ಟು, ಸುತ್ತಲಿನ ಕೊಬ್ಬನ್ನೂ ಮೂತ್ರನಾಳವನ್ನೂ ಕತ್ತರಿಸದೆ ಉದ್ದಕ್ಕೆ ಬಿಡಲು ಕೇಳಿಕೊಳ್ಳಬೇಕು. ಹೇಳದಿದ್ದರೆ ಅಂಗಡಿಯವರು ಬುಡಕ್ಕೇ ಕತ್ತರಿಸಿ ಶುಚಿ ಮಾಡಿ ಕೊಡುತ್ತಾರೆ. ಹಂದಿಯನ್ನು ಮುಟ್ಟಲು ಒಪ್ಪದ ಸಹಪಾಠಿಗಳು ಇದ್ದೇ ಇರುತ್ತಾರೆ. ಅವರನ್ನು ಒತ್ತಾಯಿಸದೆ ಕುರಿಯದ್ದರಲ್ಲೇ ಅಭ್ಯಾಸ ಮಾಡಿಸಿ, ಕ್ಯಾಲಿಕ್ಸ್ ಆರಿಸುವ ಪಾಠವನ್ನು ಸಿಟಿ ಚಿತ್ರಗಳ ಮೇಲೆ ಮಾಡಿಸಬಹುದು.

ಮೂತ್ರನಾಳದೊಳಗೆ ಶಿಶುಗಳಿಗೆ ಬಳಸುವ ಫೀಡಿಂಗ್ ಟ್ಯೂಬನ್ನು ತೂರಿಸಿ, ಸಲೈನ್ ತುಂಬಿ, ಅಲ್ಟ್ರಾಸೌಂಡ್‌ನಲ್ಲಿ ಕ್ಯಾಲಿಕ್ಸ್‌ಗಳು ಹಿಗ್ಗಿದ್ದು ಕಂಡ ಮೇಲೆ ದಾರದಿಂದ ಬಿಗಿಯಾಗಿ ಕಟ್ಟಬೇಕು. ಅದನ್ನು ಹುದುಗಿಸಲು ಜೆಲಟಿನ್ ಒಳ್ಳೆಯದು, ಆದರೆ ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಅದು ಕರಗಿ ಕುಸಿಯುತ್ತದೆ. ಚೈನಾ ಗ್ರಾಸ್ ಕರಗುವುದಿಲ್ಲ. ಅದರ ದೋಷವೆಂದರೆ ಬೇಗ ಬಿರುಕು ಬಿಡುತ್ತದೆ, ಚುಚ್ಚಿದ ಪ್ರತಿ ದಾರಿಯೂ ಗಾಳಿಯ ಬಿಳಿ ಗೆರೆಯಾಗಿ ಉಳಿದು ಮುಂದಿನವರಿಗೆ ಗೊಂದಲವಾಗುತ್ತದೆ. ಕೊನೆಗೆ ತಳಕ್ಕೆ ಚೈನಾ ಗ್ರಾಸ್, ಮೇಲೆ ಫ್ರಿಜ್‌ನಲ್ಲಿ ಗಟ್ಟಿಯಾಗಿಸಿದ ಜೆಲಟಿನ್ ಎಂದು ಎರಡು ಪದರ ಮಾಡಿದೆವು. ಜೆಲಟಿನ್‌ಗೆ ಎರಡು ಚಮಚ ಇಸಬ್‌ಗೋಲ್ ಕಲಕಿದರೆ ತೆರೆಯ ಮೇಲೆ ಬರೀ ಕಪ್ಪಾಗಿ ಕಾಣದೆ ಮಾಂಸದಂತೆ ಬೂದುಬಣ್ಣ ಬರುತ್ತದೆ. ಸೂಜಿಯನ್ನು ಹುಡುಕುವ ಕಷ್ಟ ಆಗ ನಿಜವಾದದ್ದಕ್ಕೆ ಹತ್ತಿರವಾಗುತ್ತದೆ. ಅವಧಿ ಮೀರಿದ ಗೈಡ್ ವೈರ್, ಡೈಲೇಟರ್‌ಗಳನ್ನು (ಸೂಜಿಯ ದಾರಿಯನ್ನು ಅಗಲಿಸುವ ಸಾಧನಗಳನ್ನು) ಕ್ಯಾಥ್‌ಲ್ಯಾಬ್‌ನವರು ಇದಕ್ಕೆಂದು ತೆಗೆದಿಟ್ಟು ಕೊಡುತ್ತಿದ್ದರು.

ಈ ಮಾದರಿಯಲ್ಲಿ ನಾವು ನಿಜವಾಗಿ ಕಲಿತದ್ದು ಚುಚ್ಚುವುದನ್ನಲ್ಲ, ಚುಚ್ಚಿದ ನಂತರದ್ದನ್ನು. ಸಲೈನ್ ಹನಿ ಕಂಡ ಕೂಡಲೇ ಗೆದ್ದೆವೆಂದು ಸೂಜಿ ಹಿಡಿದ ಕೈ ಸಡಿಲವಾಗುತ್ತದೆ, ತುದಿ ಹೊರಜಾರುತ್ತದೆ. ಡೈಲೇಟರನ್ನು ವೈರ್‌ನ ನೇರಕ್ಕೆ ತಳ್ಳದೆ ಓರೆಯಾಗಿ ಒತ್ತಿದರೆ, ವೈರ್ ಮೂತ್ರಪಿಂಡದ ಹೊರಗೆ ಕೊಬ್ಬಿನಲ್ಲಿ ಮಡಚಿಕೊಳ್ಳುತ್ತದೆ. ಆ ಮಡಿಕೆಯ ಮೇಲೆ 8 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಟ್ಯೂಬ್ ಎಷ್ಟೇ ತಳ್ಳಿದರೂ ಒಳಹೋಗುವುದಿಲ್ಲ, ಬಲ ಹಾಕಿದರೆ ಇಡೀ ದಾರಿಯೇ ಕೈತಪ್ಪುತ್ತದೆ. ಜೆಲಟಿನ್ ಪಾರದರ್ಶಕವಾದ್ದರಿಂದ ಇಸಬ್‌ಗೋಲ್ ಹಾಕದ ಒಂದು ಮಾದರಿಯಲ್ಲಿ ಈ ಮಡಿಕೆಯನ್ನು ಬರಿಗಣ್ಣಿಗೆ ತೋರಿಸಬಹುದು. ಅದನ್ನೊಮ್ಮೆ ನೋಡಿದವರು ಆಮೇಲೆ ಒತ್ತಡ ಹಾಕುವ ಮೊದಲು ವೈರನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ, ಸರಾಗವಾಗಿದೆಯೇ ಎಂದು ನೋಡಿಯೇ ಮುಂದುವರಿಯುತ್ತಾರೆ.

ಒಂದು ಎಚ್ಚರಿಕೆ: ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಂತೆ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಾಯಿತ ಜಾಗದಿಂದ ಅನುಮತಿಯಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಕಾರ್ಯಾಗಾರ ಮಾಡುವ ಉತ್ಸಾಹದಲ್ಲಿ ಇದನ್ನು ಮರೆಯಬೇಡಿ. ವಿಭಾಗದ ಕೋಣೆಯಲ್ಲೇ, ಶನಿವಾರ ಮಧ್ಯಾಹ್ನ ರೋಗಿಗಳು ಮುಗಿದ ಮೇಲೆ, ಪ್ರೋಬಿಗೆ ಕವರ್ ಹಾಕಿ ಮಾಡುವುದು ಕ್ಷೇಮ.

ಉತ್ತರ 4: ನರ್ಸಿಂಗ್ ಅಧಿಕಾರಿ, ಯುರಾಲಜಿ ವಾರ್ಡ್, ಉಡುಪಿ

ಡಾಕ್ಟರುಗಳ ನಡುವೆ ನಾನು ಬರೆಯುತ್ತಿರುವುದಕ್ಕೆ ಕಾರಣ, ಟ್ಯೂಬ್ ಹಾಕಿದ ನಂತರದ ಕಷ್ಟಗಳು ನಮ್ಮ ಬಳಿಗೆ ಬರುತ್ತವೆ. ಒಬ್ಬ ಪಿಜಿ ತಾನು ಹಾಕಿದ ಟ್ಯೂಬನ್ನು ಮರುದಿನ ವಾರ್ಡಿಗೆ ಬಂದು ನೋಡುವುದನ್ನು ದಯವಿಟ್ಟು ತರಬೇತಿಯ ಭಾಗವೆಂದೇ ಬರೆದಿಡಿ.

ಟ್ಯೂಬ್ ಹಾಕಿದ ಮೇಲೆ ಕೆಲವರಲ್ಲಿ ಗಂಟೆಗೆ 200 ಮಿಲಿಲೀಟರಿಗಿಂತ ಹೆಚ್ಚು ಮೂತ್ರ ಹರಿಯುತ್ತದೆ. ಅಷ್ಟನ್ನು ನೋಡಿ ಮನೆಯವರು ಸಂತೋಷಪಡುತ್ತಾರೆ, ನಾವು ಸೋಡಿಯಂ, ಪೊಟ್ಯಾಸಿಯಂ ಕುಸಿಯದಂತೆ ಕಾಯಬೇಕಾಗುತ್ತದೆ. ಹರಿವು ನಿಂತರೆ 5 ಮಿಲಿಲೀಟರ್ ಸಲೈನ್ ಮೆಲ್ಲಗೆ ಬಿಡಿ ಎಂದು ಬರೆದುಕೊಡುವವರಿದ್ದಾರೆ, ಫ್ಲಶ್ ಮಾಡಿ ಎಂದಷ್ಟೇ ಬರೆಯುವವರೂ ಇದ್ದಾರೆ. ಎರಡನೆಯದನ್ನು ಓದಿದ ಹೊಸ ಸಿಬ್ಬಂದಿ 20 ಮಿಲಿಲೀಟರ್ ತಳ್ಳಿದರೆ ತಪ್ಪು ಯಾರದ್ದು?

ರೋಗಿಗಳು ಬೈಂದೂರಿಗೆ, ಕಾರ್ಕಳಕ್ಕೆ, ಘಟ್ಟದ ಮೇಲಕ್ಕೆ ಬಸ್ಸಿನಲ್ಲಿ ಹೋಗುವವರು. ಟ್ಯೂಬನ್ನು ಬೆನ್ನಿನ ನಡುಮಧ್ಯಕ್ಕೆ ಅಂಟಿಸಿದರೆ ಅವರು ಸೀಟಿಗೆ ಒರಗಿದಾಗ ಅದು ಮಡಚಿಕೊಳ್ಳುತ್ತದೆ. ಸ್ವಲ್ಪ ಪಕ್ಕಕ್ಕೆ ತಂದು, ಒಂದು ಸುತ್ತು ಸಡಿಲ ಬಿಟ್ಟು ಅಂಟಿಸಬೇಕು. ಮಳೆಗಾಲದಲ್ಲಿ ಡ್ರೆಸ್ಸಿಂಗ್ ಒಂದೇ ದಿನದಲ್ಲಿ ತೇವವಾಗಿ ಬಿಡಿಸಿಕೊಳ್ಳುತ್ತದೆ; ಮನೆಯಲ್ಲಿ ಯಾರು ಬದಲಾಯಿಸುತ್ತಾರೆ ಎಂದು ಕೇಳಿ, ಅವರಿಗೇ ತೋರಿಸಿ ಕಳುಹಿಸಬೇಕು. ಮೂರು ತಿಂಗಳೊಳಗೆ ಬದಲಾಯಿಸಬೇಕೆಂಬ ದಿನಾಂಕವನ್ನು ಬ್ಯಾಗಿನ ಮೇಲೆ ಬರೆದರೆ ಬ್ಯಾಗಿನೊಂದಿಗೇ ಅದು ಕಸಕ್ಕೆ ಹೋಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೊರರಾಜ್ಯದ ಪಿಜಿಗಳಿಗೆ ಉಸಿರು ಹಿಡಿಯಿರಿ, ಬಿಡಿ ಎಂದು ತುಳು, ಬ್ಯಾರಿ, ಕೊಂಕಣಿಯಲ್ಲಿ ಹೇಳಲು ನಾವೇ ಕಲಿಸುತ್ತೇವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸಿಸ್ಟರ್ ಅವರ ಮಾತಿನಂತೆ ಮರುದಿನದ ವಾರ್ಡ್ ಭೇಟಿಯನ್ನು ಲಾಗ್‌ಬುಕ್‌ನಲ್ಲಿ ಪ್ರತ್ಯೇಕ ಕಾಲಮ್ ಆಗಿ ಸೇರಿಸುತ್ತಿದ್ದೇನೆ. ಯುರಾಲಜಿಯವರೊಂದಿಗೆ ವಿದ್ಯಾರ್ಥಿ ವಿನಿಮಯದ ಬಗ್ಗೆ ನಮ್ಮ ವಿಭಾಗ ಮುಖ್ಯಸ್ಥರು ಮಾತನಾಡಲು ಒಪ್ಪಿದ್ದಾರೆ.

ಉಳಿದಿರುವುದು ಒಂದೇ ಸಂಶಯ. ಇಷ್ಟು ನೆಫ್ರೋಸ್ಟಮಿ ಮಾಡಿದರೆ ಪಿಜಿ ಒಬ್ಬನೇ ಮಾಡಬಹುದು ಎಂಬ ಸಂಖ್ಯೆಯೊಂದನ್ನು ನಿಗದಿಪಡಿಸಲು ನಮ್ಮ ಸಮಿತಿ ಒತ್ತಾಯಿಸುತ್ತಿದೆ. ಸಂಖ್ಯೆ ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ ಎಂಬುದು ಅವರ ನಿಲುವು.

ಉತ್ತರ 1ರ ಲೇಖಕರಿಂದ

ಕಡತಕ್ಕೆ ಬೇಕಾದರೆ ಕನಿಷ್ಠ ಸಂಖ್ಯೆಯೊಂದನ್ನು ಬರೆಯಿರಿ, ಆದರೆ ಅದನ್ನು ಪರವಾನಗಿಯೆಂದು ತಿಳಿಯಬೇಡಿ. ಪೂರ್ತಿ ಹಿಗ್ಗಿ ನಿಂತ ಹತ್ತು ಮೂತ್ರಪಿಂಡಗಳಿಗೆ ಟ್ಯೂಬ್ ಹಾಕಿದವನೂ ಅರೆಬರೆ ಹಿಗ್ಗಿದ ಒಂದರ ಮುಂದೆ ತಬ್ಬಿಬ್ಬಾಗುತ್ತಾನೆ. ಲಾಗ್‌ಬುಕ್‌ನಲ್ಲಿ ಸಂಖ್ಯೆಯ ಜೊತೆಗೆ ಮೂತ್ರಪಿಂಡ ಎಷ್ಟು ಹಿಗ್ಗಿತ್ತು, ಎಷ್ಟು ಬಾರಿ ಚುಚ್ಚಲಾಯಿತು, ಮೇಲ್ವಿಚಾರಕರು ಎಲ್ಲಿ ಕೈಹಾಕಬೇಕಾಯಿತು ಎಂಬ ಮೂರನ್ನೂ ಬರೆಸಿ. ಮೂರನೆಯ ಕಾಲಮ್ ಸತತವಾಗಿ ಖಾಲಿ ಬಂದಾಗ, ಇಬ್ಬರು ಬೇರೆ ಬೇರೆ ಕನ್ಸಲ್ಟಂಟ್‌ಗಳು ಕೈಕಟ್ಟಿ ನಿಂತು ಆರಂಭದಿಂದ ಕೊನೆಯವರೆಗೆ ನೋಡಿ ಸಹಿ ಹಾಕಲಿ. ಆ ನೋಟದಲ್ಲಿ ಒಪ್ಪಿಗೆ ಪತ್ರ ಪಡೆಯುವ ಮಾತುಕತೆಯೂ ಸೇರಿರಬೇಕು, ಲಿಗ್ನೊಕೇನ್ (ಚುಚ್ಚುವ ಜಾಗ ಮರಗಟ್ಟಿಸುವ ಔಷಧಿ) ಲೆಕ್ಕವೂ ಸೇರಿರಬೇಕು. ಶೇ. 2ರ ದ್ರಾವಣದ 15 ಮಿಲಿಲೀಟರಿನಲ್ಲಿ 300 ಮಿಲಿಗ್ರಾಂ ಇರುತ್ತದೆ. ಎರಡೂ ಬದಿಗೆ ಟ್ಯೂಬ್ ಹಾಕುವ ಕೃಶ ಮಹಿಳೆಗೆ ಅದು ಮಿತಿಯನ್ನು ಮೀರಬಹುದು.

ವಿಭಾಗದ ಮಟ್ಟದಲ್ಲಿಯೂ ಒಂದು ಲೆಕ್ಕ ಇಟ್ಟುಕೊಳ್ಳಿ. ರಕ್ತ ಕೊಡಬೇಕಾಗುವಷ್ಟು ರಕ್ತಸ್ರಾವ ಶೇ. 4ಕ್ಕಿಂತ ಹೆಚ್ಚಾದರೆ ತಮ್ಮ ವಿಧಾನವನ್ನು ಪುನರ್ವಿಮರ್ಶೆ ಮಾಡಬೇಕೆಂಬುದು ಮೇಲೆ ಹೇಳಿದ ಸೊಸೈಟಿಯದ್ದೇ ಮಾರ್ಗಸೂಚಿ. ಪಿಜಿಗಳು ಸೇರಿಕೊಂಡ ನಂತರ ಆ ಪ್ರಮಾಣ ಏರಿದೆಯೇ ಎಂಬುದು ವರ್ಷಕ್ಕೊಮ್ಮೆ ಯುರಾಲಜಿಯವರೊಂದಿಗೆ ಕೂತು ನೋಡಬೇಕಾದ ವಿಷಯ.

ವಿಕಿರಣದ ಬಗ್ಗೆ ಯಾರೂ ಪ್ರಸ್ತಾಪಿಸಲಿಲ್ಲ. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಗದಿಪಡಿಸಿದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಅಲ್ಟ್ರಾಸೌಂಡ್‌ನಲ್ಲಿ ಚುಚ್ಚಿ, ಸಿ-ಆರ್ಮ್ ಅನ್ನು ವೈರ್ ಮತ್ತು ಟ್ಯೂಬಿಗೆ ಮಾತ್ರ ಬಳಸುವ ಅಭ್ಯಾಸವಾದರೆ ಈ ಮಿತಿಯ ಹತ್ತಿರವೂ ಹೋಗಬೇಕಾಗುವುದಿಲ್ಲ. ಆದರೆ ಕಲಿಯುವವರ ಕಾಲು ಪೆಡಲಿನ ಮೇಲೇ ಇರುತ್ತದೆ, ಕೈ ಕಿರಣದ ದಾರಿಯಲ್ಲೇ ಇರುತ್ತದೆ, ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಸ್ಟೆಲ್ ಕೋಣೆಯ ಮೊಳೆಗೆ ನೇತಾಡುತ್ತಿರುತ್ತದೆ. ಮೊದಲ ಆರು ತಿಂಗಳು ಪೆಡಲ್ ಕನ್ಸಲ್ಟಂಟ್ ಕಾಲಡಿಯಲ್ಲಿರಲಿ ಮತ್ತು ಬ್ಯಾಡ್ಜ್ ಇಲ್ಲದವರನ್ನು ಲೆಡ್ ಏಪ್ರನ್ ಕೋಣೆಯಿಂದ ಮುಂದೆ ಬಿಡಬಾರದೆಂದು ನಿಮ್ಮ ಟೆಕ್ನಿಷಿಯನ್‌ಗೆ ಲಿಖಿತ ಅಧಿಕಾರ ಕೊಡಿ.